ಗುಂಡುಸೂಜಿ ಚುಚ್ಚಿದ ಚೀಟಿ

ಜನವರಿ 7, ಭಾನುವಾರ

ಇವತ್ತು ಆರಾಧನೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಸಭೆಯಲ್ಲಿ ನನ್ನ ಸೇವೆ’. ಕೆಳಗೆ ಒಂಬತ್ತು ಚೌಕ. ಗಾಯನವೃಂದ, ಸಂಡೇ ಸ್ಕೂಲ್, ಹೂವಿನ ಅಲಂಕಾರ, ಬಾಗಿಲಲ್ಲಿ ಸ್ವಾಗತ, ಇನ್ನೂ ಏನೇನೋ. ದೇವರು ನಮಗೆ ಯಾವ ವರ ಕೊಟ್ಟಿದ್ದಾನೋ ಆ ಚೌಕಕ್ಕೆ ಗುರುತು ಹಾಕಬೇಕಂತೆ. ನವೆಂಬರ್ ಮೊದಲ ಭಾನುವಾರ ಸಭೆಯ ವಾರ್ಷಿಕೋತ್ಸವ. ಅವತ್ತು ಒಂದೊಂದು ಸೇವೆಯವರನ್ನೂ ಹೆಸರು ಹಿಡಿದು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. "ಆ ದಿನ ಬೆಂಚಿನ ಮೇಲೆ ಒಬ್ಬರೂ ಕೂತಿರಬಾರದು" ಅಂದರು ನಮ್ಮ ಪಾದ್ರಿ ಅಯ್ಯನವರು.

ಅತ್ತಿಗೆ ಕೂತಲ್ಲೇ ನಾಲ್ಕು ಚೌಕ ತುಂಬಿಸಿದರು. ಸ್ತ್ರೀಯರ ಸಂಘದ ಅಧ್ಯಕ್ಷೆ, ಅವರಿಗೇನು. ಅಣ್ಣ ಕಾಣಿಕೆ ತಟ್ಟೆ ಹಿಡಿಯುವವನು, ಅವನದೂ ಆಯಿತು. ನಾನು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು.

ಹದಿನೆಂಟು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡೆ. ಆಗ ನೀನು ಸಭೆಗೆ ಏನು ಮಾಡ್ತೀಯ ಅಂತ ಯಾರೂ ಕೇಳಲಿಲ್ಲ. ಅಮ್ಮ ಹೋಗಿ ಹತ್ತು ತಿಂಗಳು. ಕೊನೆಗೆ ಅಂದಿದ್ದಳು, "ನಾನು ಹೋದಮೇಲೆ ಸುಮ್ಮನೆ ಕೂರಬೇಡ್ವೇ, ದೇವರ ಮನೆಯಲ್ಲಿ ನಿನಗೂ ಒಂದು ಕೆಲಸ ಇಟ್ಟಿರ್ತಾನೆ, ಹುಡುಕು." ಈಗ ನನಗೆ ನಲವತ್ತಾರು. ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೀನಿ. ಅದಕ್ಕೆ ಚೌಕ ಇಲ್ಲ.

ದೇವರೇ, ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ. ನವೆಂಬರ್ ಒಳಗೆ ನನ್ನ ಕೆಲಸ ತೋರಿಸು. ಇಲ್ಲದಿದ್ದರೆ ನಾನು ಆ ಬೆಂಚಿಗೆ ಇನ್ನು ಬರೋದಿಲ್ಲ.

ಜನವರಿ 28, ಭಾನುವಾರ

ಗಾಯನವೃಂದ ಮುಗಿಯಿತು. ಮೂರು ಭಾನುವಾರ ಸಹಿಸಿಕೊಂಡ ಪಿಯಾನೋ ಮಾಸ್ಟರು ಇವತ್ತು ಪಕ್ಕಕ್ಕೆ ಕರೆದು, "ಅಕ್ಕಾ, ನೀವು ಮನಸ್ಸಿನಲ್ಲೇ ಹಾಡಿದರೆ ದೇವರಿಗೆ ಇನ್ನೂ ಚೆನ್ನಾಗಿ ಕೇಳುತ್ತೆ" ಅಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗೇನೂ ಅನ್ನಲ್ಲ. ನನ್ನ ಗಂಟಲೇ ಡೊಂಕು.

ಫೆಬ್ರವರಿ 18, ಭಾನುವಾರ

ಸಂಡೇ ಸ್ಕೂಲೂ ಆಯಿತು. ಯೋನನ ಕಥೆ ಹೇಳುತ್ತಿದ್ದೆ. ಮುಂದಿನ ಸಾಲಿನ ಗುಂಡಮ್ಮ, ಆರು ವರ್ಷದವಳು, "ಆಂಟೀ, ಮೂರು ದಿನ ಮೀನಿನ ಹೊಟ್ಟೆಯಲ್ಲಿ ಅವನು ಕಕ್ಕ ಎಲ್ಲಿ ಮಾಡಿದ?" ಅಂದಳು. ನಾನು ತಡೆಯಲಾರದೆ, "ಅದಕ್ಕೇ ಮೀನು ವಾಂತಿ ಮಾಡಿದ್ದು" ಅಂದುಬಿಟ್ಟೆ. ಮಕ್ಕಳು ಅರ್ಧ ಗಂಟೆ ನಕ್ಕವು. ಅವರ ತಾಯಂದಿರು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಗೆ ಬರುವಾಗ ಅತ್ತಿಗೆ, "ನಿನಗೆ ನಾಲಿಗೆ ಮೇಲೆ ಹಿಡಿತ ಬೇಕಮ್ಮ" ಅಂದರು. ನಿಜ. ಹಿಡಿತ ಇದ್ದಿದ್ದರೆ ಆಗಲೇ ಮದುವೆ ಆಗಿ ಮೊಮ್ಮಕ್ಕಳನ್ನು ಕಾಣುತ್ತಿದ್ದೆ.

ಫೆಬ್ರವರಿ 25, ಭಾನುವಾರ

ಅಯ್ಯನವರು ಪಾಪ ಅನ್ನಿಸಿ ಒಂದು ಕೆಲಸ ಕೊಟ್ಟಿದ್ದಾರೆ. ಪ್ರಾರ್ಥನೆಯ ಪಟ್ಟಿ. ಬಾಗಿಲ ಹತ್ತಿರದ ಮರದ ಪೆಟ್ಟಿಗೆಗೆ ಜನ ಚೀಟಿ ಹಾಕುತ್ತಾರೆ. ಶನಿವಾರ ಅದನ್ನು ತೆಗೆದು ಎರಡು ಹಾಳೆಯಲ್ಲಿ ಬರೆಯಬೇಕು: ಒಂದರಲ್ಲಿ ರೋಗಿಗಳು ಮತ್ತು ಕಷ್ಟದಲ್ಲಿರುವವರು, ಇನ್ನೊಂದರಲ್ಲಿ ಕರ್ತನಲ್ಲಿ ನಿದ್ರಿಸಿದವರು, ಅಂದರೆ ತೀರಿಕೊಂಡವರು. ಭಾನುವಾರ ಮುಂದೆ ನಿಂತು ಎರಡನ್ನೂ ಓದಬೇಕು. ಹಾಡುವುದಲ್ಲ, ಕಥೆ ಹೇಳುವುದಲ್ಲ. ಇದನ್ನಾದರೂ ಕೆಡಿಸಲಾರೆ.

ಮಾರ್ಚ್ 10, ಭಾನುವಾರ

ಕೆಡಿಸಿದೆ.

ರೋಗಿಗಳ ಹಾಳೆಯಲ್ಲಿ ಒಂದು ಹೆಸರು ಹನ್ನೆರಡು ವರ್ಷದಿಂದ ಇದೆ. ಬೋರ್ಡು ಬರೆಯುತ್ತಿದ್ದ ಪೇಂಟರ್ ತಾತ. ಸಭೆಯ ಮುಂದಿನ ಹೆಸರಿನ ಫಲಕ ಅವರೇ ಬರೆದದ್ದಂತೆ. ನಿನ್ನೆ ಅತ್ತಿಗೆಯನ್ನು ಕೇಳಿದೆ, "ಇವರು ಹೇಗಿದ್ದಾರೆ?" "ಅಯ್ಯೋ, ಅವರು ತೀರಿಕೊಂಡು ಯಾವ ಕಾಲ ಆಯಿತು!" ಅಣ್ಣನೂ ಹೌದೆಂದ. ನಮ್ಮ ಸಭೆಯವರೇ ಆದ ಔಷಧದ ಅಂಗಡಿಯ ಹಿರಿಯರನ್ನು ಫೋನಿನಲ್ಲಿ ಕೇಳಿದೆ. ಅವರು, "ಮಣ್ಣಿಗೆ ನಾನೇ ಹೋಗಿದ್ದೆ ಅನ್ನಿಸುತ್ತೆ" ಅಂದರು. ಮೂವರು ಹೇಳಿದ ಮೇಲೆ ಇನ್ನೇನು? ಸತ್ತವರ ಆರೋಗ್ಯಕ್ಕೆ ಹನ್ನೆರಡು ವರ್ಷ ಪ್ರಾರ್ಥಿಸಿದ್ದೇವಲ್ಲ ಅಂತ ತಲೆ ಚಚ್ಚಿಕೊಂಡು, ಹೆಸರನ್ನು ಎರಡನೇ ಹಾಳೆಗೆ ಹಾಕಿದೆ. ಇವತ್ತು ಗಟ್ಟಿಯಾಗಿ ಓದಿದೆ. ಎಲ್ಲರೂ ತಲೆ ಬಾಗಿಸಿದರು.

ಮಧ್ಯಾಹ್ನ ಅಯ್ಯನವರಿಗೆ ಫೋನ್ ಬಂತಂತೆ. "ನಿದ್ರಿಸಿದವನು ಮಾತಾಡ್ತಾ ಇದ್ದೀನಿ. ಎದ್ದುಬಿಟ್ಟೆ, ಏನು ಮಾಡಲಿ?"

ತಾತ ಬದುಕಿದ್ದಾರೆ. ಪ್ರತಿ ಭಾನುವಾರ ಮೊಬೈಲಿನಲ್ಲಿ ಆರಾಧನೆ ನೋಡುತ್ತಾರೆ. ಭೂಮಿ ಬಾಯಿ ಬಿಡಬಾರದಾ. ಅಯ್ಯನವರು ಬೈಯಲಿಲ್ಲ, ಅದೇ ಕಷ್ಟ. "ಪಟ್ಟಿ ಇನ್ನು ಮೇಲೆ ನಮ್ಮ ಹೈಸ್ಕೂಲ್ ಮೇಷ್ಟ್ರು ನೋಡಿಕೊಳ್ಳಲಿ. ನೀವು ಒಮ್ಮೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬನ್ನಿ" ಅಂದರು. ಜೊತೆಗೆ ಯಾರು ಬರ್ತೀರಿ ಅಂದೆ. ಮೂವರು ಸಾಕ್ಷಿಗಳಿಗೂ ಕೆಲಸ ಇತ್ತು.

ಮಾರ್ಚ್ 14, ಗುರುವಾರ

ಗುರುವಾರ ಅಂಗಡಿ ಅರ್ಧ ದಿನ. ಹೋಗಿ ಬಂದೆ.

ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಕಡಿದಾದ ಮೆಟ್ಟಿಲು, ಒಂದು ಕೋಣೆ. ಬಾಗಿಲು ತೆಗೆದರೆ ಟರ್ಪೆಂಟೈನ್ ವಾಸನೆ, ಡಬ್ಬಿಯೊಳಗೆ ಒಣಗಿ ಕಡ್ಡಿಯಾದ ಬ್ರಷ್ಷುಗಳು. ತಾತನಿಗೆ ಎಂಬತ್ತೊಂದು. ಎಡಗೈ ಎಡಗಾಲು ಸ್ವಾಧೀನದಲ್ಲಿಲ್ಲ, ಬಲಗೈ ನಡುಗುತ್ತೆ. ನಾಲಿಗೆ ಮಾತ್ರ ಹೊಸದಾಗಿ ಸಾಣೆ ಹಿಡಿದ ಹಾಗಿದೆ.

"ಓ, ನನ್ನನ್ನು ಕೊಂದವಳು ನೀನೇನಾ? ಬಾ ಕೂತುಕೋ. ಹೆಣದ ಮನೆಗೆ ಬರಿಗೈಯಲ್ಲಿ ಬಂದೆಯಲ್ಲ, ಒಂದು ಹೂವಾದರೂ ತರಬಾರದಾ?"

ನಾನು ಅಳುವಂತಾಗಿದ್ದವಳು ನಕ್ಕುಬಿಟ್ಟೆ. ಕ್ಷಮಿಸಿ ತಾತ ಅಂದೆ. ಅವರು ಹೇಳಿದರು: "ನನ್ನ ಹೆಂಡತಿ ಆರು ತಿಂಗಳು ಇದೇ ಮಂಚದ ಮೇಲೆ ನರಳಿ ಸತ್ತಳು. ಸಭೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಅವತ್ತೇ ನಿಮ್ಮ ಜೊತೆ, ನಿಮ್ಮ ದೇವರ ಜೊತೆ ಮಾತು ಬಿಟ್ಟೆ. ಭಾನುವಾರ ನನ್ನ ಹೆಸರು ಓದೋವರೆಗೂ ಕೇಳಿ ಮೊಬೈಲ್ ಆರಿಸ್ತಿದ್ದೆ. ಒಂದು ಹೆಸರಾದರೂ ಉಳಿದಿದೆಯಲ್ಲ ಅಂತ. ನೀನು ಅದನ್ನೂ ತೆಗೆದುಬಿಟ್ಟೆ."

ಅವರ ಕನ್ನಡಕದ ಒಂದು ಕಿವಿಕಡ್ಡಿಗೆ ದಾರ ಸುತ್ತಿತ್ತು. ಚೀಲದಲ್ಲಿ ಸ್ಕ್ರೂ ಡ್ರೈವರ್ ಇತ್ತು. ಸ್ಕ್ರೂ ಇರಲಿಲ್ಲ.

ಮಾರ್ಚ್ 21, ಗುರುವಾರ

ಸ್ಕ್ರೂ ಹಾಕಿ ಬಂದೆ. ಐದು ನಿಮಿಷದ ಕೆಲಸ. ಬರುವಾಗ ಕತ್ತಲಾಗಿತ್ತು, ಅತ್ತಿಗೆ ಕೇಳಿದ್ದಕ್ಕೆ ಏನೋ ಹೇಳಿದೆ.

ಏಪ್ರಿಲ್ 18, ಗುರುವಾರ

ಬೆಳಿಗ್ಗೆ ಅಂಗಡಿಗೆ ಒಬ್ಬರು ಬಂದು, ಕನ್ನಡಕ ಕಳೆದುಹೋಗಿದೆ, ಹೊಸದು ಮಾಡಿಕೊಡಿ ಅಂದರು. ಕನ್ನಡಕ ಹಣೆಯ ಮೇಲಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಯಜಮಾನರು ನಗಬೇಡ ಅಂತ ಕಣ್ಣು ಬಿಟ್ಟರು, ನಾನು ಒಳಗೆ ಓಡಿದೆ.

ಇದನ್ನು ತಾತನಿಗೆ ಹೇಳಿದೆ. ಆಮೇಲೆ ಬಾಯಿ ತಪ್ಪಿ ಫಾರಂ ವಿಷಯ, ಪಿಯಾನೋ ಮಾಸ್ಟರು, ಯೋನ, ಎಲ್ಲ ಹೇಳಿಬಿಟ್ಟೆ. ನವೆಂಬರ್ ಮಾತನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ತಾತ ನಗಲಿಲ್ಲ. ನಾನು ಅವರ ಕಾಲುಗುರು ಕತ್ತರಿಸುತ್ತಿದ್ದೆ. ಎಡಗಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ಬೆಳೆದಿತ್ತು, ಅಮ್ಮನಿಗೂ ಹೀಗೇ ಆಗುತ್ತಿತ್ತು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸದೆ ಮುಟ್ಟಬಾರದು.

ಹೊರಡುವಾಗ, "ಒಂದು ಕಾಗದ ಕೊಡು. ನಿಮ್ಮ ಪೆಟ್ಟಿಗೆಗೆ ನನ್ನದೂ ಒಂದು ಚೀಟಿ ಹಾಕು" ಅಂದರು.

"ಮಾತು ಬಿಟ್ಟಿದ್ದೀನಿ ಅಂದಿರಿ?"

"ಬರೆಯೋದಕ್ಕೇನು, ಮಾತಾಡಬೇಕಾ? ಆ ಕಡೆ ತಿರುಗು."

ಕಿಟಕಿ ಕಡೆ ತಿರುಗಿ ನಿಂತೆ. ಪರೀಕ್ಷೆ ಬರೆಯುವವರ ಹಾಗೆ ಕೈ ಅಡ್ಡ ಇಟ್ಟು ಕಾಲು ಗಂಟೆ ಬರೆದರು. ನಾಲ್ಕಾಗಿ ಮಡಿಸಿ ಗುಂಡುಸೂಜಿ ಚುಚ್ಚಿಸಿದರು. "ಓದಬೇಡ. ಅಂಚೆಯವನು ಕಾಗದ ಒಡೆದು ಓದ್ತಾನಾ?" ಕಾಲು ಸರಿಯಾಗಲಿ ಅಂತಲೇ ಇರಬೇಕು. ಪಾಪ.

ಏಪ್ರಿಲ್ 21, ಭಾನುವಾರ

ಮೇಷ್ಟ್ರ ಕಂಠ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು. ತಾತನ ಹೆಸರನ್ನು ಮೊದಲನೇ ಹಾಳೆಯಲ್ಲಿ ಓದಿದರು. ಕೊನೆಗೆ ಹೆಸರಿಲ್ಲದ ಒಂದು ಚೀಟಿ: "ಕರ್ತನೇ, ನಿನ್ನ ಮನೆಯಲ್ಲಿ ತನ್ನ ಕೆಲಸ ಯಾವುದೆಂದು ಹುಡುಕುತ್ತಿರುವ ಒಬ್ಬ ಸಹೋದರಿಗಾಗಿ. ಅವಳಿಗೆ ಅದು ಕಾಣಲಿ."

ಓಹೋ, ನನ್ನ ಹಾಗೆ ಇನ್ನೊಬ್ಬಳು ಇದ್ದಾಳೆ. ಔಷಧದ ಅಂಗಡಿಯವರ ಸೊಸೆ ಇರಬೇಕು, ಫಾರಂ ಕೊಟ್ಟ ದಿನ ಮುಖ ಊದಿಸಿಕೊಂಡಿದ್ದಳು. ಚೀಟಿ ಬರೆದು ಊರಿಗೆಲ್ಲ ಕೇಳಿಸುವ ಧೈರ್ಯ ನನಗಂತೂ ಇಲ್ಲ.

ಮೇ 16, ಗುರುವಾರ

ಇಸ್ತ್ರಿ ಅಂಗಡಿಯಾಕೆ ದಿನಕ್ಕೆರಡು ಸಲ ತಾತನಿಗೆ ಊಟ ತಂದಿಡುತ್ತಾಳೆ. ಅವಳ ಫೋನ್ ನಂಬರ್ ಬೇಕೆಂದೆ. ಅದನ್ನು ಬರೆಯುವುದಕ್ಕೂ ತಾತ ಸ್ಕೇಲ್ ಕೇಳಿದರು. ಮೇಲೊಂದು ಕೆಳಗೊಂದು ಪೆನ್ಸಿಲ್ ಗೆರೆ ಎಳೆದು, ಆ ಎರಡರ ಮಧ್ಯೆ ಅಂಕಿ ಕೂರಿಸಿದರು. ಹತ್ತು ಅಂಕಿಗೆ ಹತ್ತು ನಿಮಿಷ.

"ಗೆರೆ ಇಲ್ಲದೆ ಅಕ್ಷರ ನಿಲ್ಲಲ್ಲ ಮಗಳೇ. ಕುಡಿದವನ ಹಾಗೆ ವಾಲುತ್ತೆ."

ಬೆನ್ನಿಗೆ ಹುಣ್ಣಾಗುವ ಲಕ್ಷಣ ಇದೆ. ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅಂತ ಇಸ್ತ್ರಿಯಾಕೆಗೆ ಹೇಳಿಕೊಟ್ಟೆ, ದಿಂಬು ಎಲ್ಲಿ ಒತ್ತು ಕೊಡಬೇಕು ಅಂತ ತೋರಿಸಿದೆ. ಅವಳು, "ನೀವು ನರ್ಸಾ?" ಅಂದಳು. ಕನ್ನಡಕದ ಅಂಗಡಿ ಅಂದೆ. ಚೀಟಿ ತಂದೆ.

ಜೂನ್ 23, ಭಾನುವಾರ

ಆ ಸಹೋದರಿಯ ಚೀಟಿ ವಾರ ತಪ್ಪದೆ ಬರುತ್ತಿದೆ. ಪ್ರತಿ ಸಲ ಅದೇ ಮಾತು. ಕೆಲಸ ಸಿಗಲಿ ಅಂತಲ್ಲ, ಕಾಣಲಿ ಅಂತೆ. ಔಷಧದ ಅಂಗಡಿಯ ಸೊಸೆ ಅಲ್ಲ, ಅವಳು ಬಾಗಿಲಲ್ಲಿ ಸ್ವಾಗತಕ್ಕೆ ಸೇರಿಕೊಂಡು ಹಲ್ಲು ಕಿರಿಯುತ್ತಿದ್ದಾಳೆ. ಇನ್ಯಾರು?

ತಾತನ ಕಾಲಿನ ಚೀಟಿಯನ್ನು ಮಾತ್ರ ಮೇಷ್ಟ್ರು ಬೇರೆಯಾಗಿ ಓದುವುದಿಲ್ಲ. ಹೆಸರು ಓದಿದರೆ ಸಾಕು ಅಂದುಕೊಂಡಿರಬೇಕು. ತಾತನಿಗೆ ಬೇಜಾರಾಗುತ್ತೆ ಅಂತ ನಾನೂ ಎತ್ತಿಲ್ಲ.

ಜುಲೈ 11, ಗುರುವಾರ

ಹದಿನೈದು ದಿನ ಜ್ವರ. ಎರಡು ಗುರುವಾರ, ಎರಡು ಭಾನುವಾರ ಹಾಸಿಗೆಯಲ್ಲೇ ಕಳೆದೆ. ಅತ್ತಿಗೆ ಸ್ತ್ರೀಯರ ಸಂಘದಲ್ಲಿ ನನಗಾಗಿ ಪ್ರಾರ್ಥನೆ ಮಾಡಿಸಿದರಂತೆ, ಮನೆಯಲ್ಲಿ ಒಂದು ಲೋಟ ಬಿಸಿನೀರು ಕೊಡಲು ಪುರುಸೊತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಇದನ್ನು ಬರೆದದ್ದಕ್ಕೆ ಕ್ಷಮೆ ಇರಲಿ. ಹೊಡೆದು ಹಾಕುವುದಿಲ್ಲ.

ಇವತ್ತು ಮೆಟ್ಟಿಲು ಹತ್ತುವಾಗಲೇ ಮೇಲಿಂದ ಕೂಗು. "ಎರಡು ವಾರ ಎಲ್ಲಿ ಸತ್ತಿದ್ದೆ?"

"ನಾನು ಸತ್ತಿದ್ದರೆ ನಿಮಗೆ ಸಂತೋಷ ಆಗ್ತಿತ್ತಲ್ಲ, ಲೆಕ್ಕ ಚುಕ್ತಾ."

ಮುಖ ಆ ಕಡೆ ತಿರುಗಿಸಿದರು. ಕಣ್ಣು ಒದ್ದೆಯಾಗಿತ್ತು. ಗಡ್ಡ ಬೆಳೆದಿತ್ತು, ಬೋಳಿಸಿದೆ. ಗಲ್ಲದ ಕೆಳಗೆ ಒಂದು ಮಚ್ಚೆ ಇದೆ, ಅಲ್ಲಿ ಹುಷಾರಾಗಿರಬೇಕು. ಬೋರ್ಡು ಬರೆಯುವಾಗ ಇಪ್ಪತ್ತಡಿ ಏಣಿಯ ಮೇಲೆ ನಿಂತು ಊಟ ಮಾಡುತ್ತಿದ್ದರಂತೆ, ಇಳಿದರೆ ಬಣ್ಣ ಒಣಗುತ್ತೆ ಅಂತ. ಹೆಂಡತಿ ಕೆಳಗೆ ನಿಂತು ಏಣಿ ಹಿಡಿದುಕೊಂಡಿರುತ್ತಿದ್ದಳಂತೆ. "ಅವಳ ಕೆಲಸ ಏನು ಅಂತ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಅಂತಿದ್ದಳು" ಅಂದರು. ಯಾಕೆ ಹೇಳಿದರೋ.

ಆಗಸ್ಟ್ 18, ಭಾನುವಾರ

ಹೂವಿನ ಅಲಂಕಾರ: ಹೂದಾನಿ ಒಡೆದೆ. ಬಾಗಿಲಲ್ಲಿ ಸ್ವಾಗತ: "ಸ್ವಲ್ಪ ನಗಬೇಕು ಅಕ್ಕಾ, ಜನ ಹೆದರ್ತಾರೆ" ಅಂದಳು ಔಷಧದ ಅಂಗಡಿಯ ಸೊಸೆ. ವೇದಪಾಠ: ಬೈಬಲಿನ ಸಾಲು ಬಿಟ್ಟು ಓದಿದೆ. ಕನ್ನಡಕದ ಅಂಗಡಿಯವಳಿಗೆ ಅಕ್ಷರ ಕಾಣಲಿಲ್ಲ ಅಂತ ಗಾಯನವೃಂದದಲ್ಲಿ ಕಿಸಿಕಿಸಿ ನಗು.

ಮಿಕ್ಕವುಗಳದ್ದೂ ಇದೇ ಕಥೆ, ಒಂಬತ್ತು ಚೌಕದಲ್ಲಿ ಎಂಟು ಮುಗಿದವು. ಒಂಬತ್ತನೆಯದು ಮೈಕು ರಿಪೇರಿ.

ಸೆಪ್ಟೆಂಬರ್ 22, ಭಾನುವಾರ

ಏನೂ ಬರೆಯುವ ಮನಸ್ಸಿಲ್ಲ. ವಾರ್ಷಿಕೋತ್ಸವಕ್ಕೆ ಹೆಸರುಗಳನ್ನು ಅಚ್ಚಿಗೆ ಕೊಟ್ಟಾಯಿತು. ಅಯ್ಯನವರು ನನ್ನನ್ನು ನೋಡಿ ಬೇರೆ ಕಡೆ ನೋಡಿದರು. ಒಳ್ಳೆಯವರು, ಅವರಿಗೂ ದಾರಿ ತೋಚಿಲ್ಲ.

ಆ ಸಹೋದರಿಯ ಚೀಟಿ ಓದಿದಾಗ ಎಲ್ಲರಿಗಿಂತ ಮೊದಲು ನಾನು ಆಮೆನ್ ಅಂದೆ, ಅತ್ತಿಗೆ ತಿರುಗಿ ನೋಡುವಷ್ಟು ಗಟ್ಟಿಯಾಗಿ. ನನಗಂತೂ ಇಲ್ಲ. ಅವಳಿಗಾದರೂ ಕೊಡು ದೇವರೇ.

ಅಕ್ಟೋಬರ್ 10, ಗುರುವಾರ

ತಾತನಿಗೆ ಉಸಿರು ಕಷ್ಟ. ಡಾಕ್ಟರು ಬಂದು ಹೋಗಿದ್ದರು, ಆಸ್ಪತ್ರೆ ಬೇಡ ಅಂತ ತಾತನೇ ಹಟ ಹಿಡಿದರಂತೆ. ಎರಡು ಚಮಚ ಸೂಪು, ಅಷ್ಟೇ. ತುಟಿ ಒದ್ದೆ ಮಾಡುತ್ತಾ ಕೂತೆ. ಅಂಗೈ ತಣ್ಣಗಿತ್ತು, ಉಜ್ಜಿದೆ.

ಚೀಟಿ ಇವತ್ತು ಬೇಡ ಅಂದೆ. ಕೇಳಲಿಲ್ಲ. ದಿಂಬು ಒತ್ತು ಕೊಟ್ಟು ಕೂರಿಸಿ, ಹಲಗೆ ಇಟ್ಟು, ಕಿಟಕಿ ಕಡೆ ತಿರುಗಿ ನಿಂತೆ. ಮುಕ್ಕಾಲು ಗಂಟೆ. ಎರಡು ಸಲ ಪೆನ್ಸಿಲ್ ಬಿತ್ತು, ತಿರುಗಿ ನೋಡದೆ ಎತ್ತಿ ಕೊಡು ಅಂದರು. ಹಾಗೇ ಕೊಟ್ಟೆ. ಗುಂಡುಸೂಜಿ ಚುಚ್ಚುವಾಗ ಅವರ ಕೈ ನನ್ನ ಕೈ ಮೇಲೆ ಸ್ವಲ್ಪ ಹೊತ್ತು ಇತ್ತು.

"ಮುಂದಿನ ಗುರುವಾರ ಬರ್ತೀಯಲ್ಲ?"

"ಬರದೆ ಎಲ್ಲಿ ಹೋಗಲಿ ತಾತ, ನನಗೇನು ಕೆಲಸ ಇದೆ?"

ಅದಕ್ಕೆ ಅವರು ನಕ್ಕರು, ಕೆಮ್ಮು ಬರುವಷ್ಟು.

ಅಕ್ಟೋಬರ್ 15, ಮಂಗಳವಾರ

ಭಾನುವಾರ ಸಭೆಗೆ ಹೋಗಿರಲಿಲ್ಲ. ಶುಕ್ರವಾರದಿಂದಲೇ ಅಂಗಡಿಯಲ್ಲಿ ದಾಸ್ತಾನು ಎಣಿಕೆ, ಪೆಟ್ಟಿಗೆಯ ಹತ್ತಿರ ಹೋಗಲೂ ಆಗಲಿಲ್ಲ. ಚೀಟಿ ಚೀಲದಲ್ಲೇ ಉಳಿದಿತ್ತು, ಮುಂದಿನ ವಾರ ಹಾಕೋಣ ಅಂದುಕೊಂಡಿದ್ದೆ.

ಇವತ್ತು ಹನ್ನೊಂದಕ್ಕೆ ಇಸ್ತ್ರಿಯಾಕೆ ಫೋನ್ ಮಾಡಿದಳು. ತಾತ ಹೋದರು.

ಅಕ್ಟೋಬರ್ 17, ಗುರುವಾರ

ಮಣ್ಣು ಮಾಡಿ ಬಂದೆವು. ನಾವು ಏಳು ಜನ. ಅಯ್ಯನವರು ಗುಂಡಿಯ ಹತ್ತಿರ ನಿಂತು, ಈ ಸಹೋದರನ ಬಗ್ಗೆ ಯಾರಾದರೂ ಎರಡು ಮಾತು ಹೇಳ್ತೀರಾ ಅಂದರು. ಒಬ್ಬೊಬ್ಬರೂ ಪಕ್ಕದವರ ಮುಖ ನೋಡಿದರು. ಗೊತ್ತಿದ್ದರಲ್ಲವೇ. ನಾನು ಏಣಿಯ ವಿಷಯ ಹೇಳಿದೆ, ಪೆನ್ಸಿಲ್ ಗೆರೆಯ ವಿಷಯ, ಆರು ತಿಂಗಳು ಒಬ್ಬರೂ ಬರಲಿಲ್ಲ ಅನ್ನುವುದನ್ನೂ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ದಾರಿಯಲ್ಲಿ ನಾಲಿಗೆಯ ಹಿಡಿತದ ಮಾತು ಎತ್ತಲಿಲ್ಲ. ಮನೆಗೆ ಬಂದು ಕೇಳದೆಯೇ ಒಂದು ಲೋಟ ಬಿಸಿ ಚಹಾ ತಂದಿಟ್ಟರು.

ನನಗೆ ಅಳು ನಿಲ್ಲುತ್ತಿಲ್ಲ. ಅಮ್ಮ ಹೋದಾಗಲೂ ಇಷ್ಟು ಅತ್ತಿರಲಿಲ್ಲ.

ಅಕ್ಟೋಬರ್ 20, ಭಾನುವಾರ

ಮೇಷ್ಟ್ರು ತಾತನ ಹೆಸರನ್ನು ಎರಡನೇ ಹಾಳೆಯಲ್ಲಿ ಓದಿದರು. ಈ ಸಲ ತಪ್ಪಿಲ್ಲ.

ಚೀಲದ ಚೀಟಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಇನ್ನು ಯಾವ ಕಾಲು, ಯಾವ ಪ್ರಾರ್ಥನೆ.

ಕೆಲಸ ಹುಡುಕುವ ಸಹೋದರಿಯ ಚೀಟಿಯನ್ನೂ ಇವತ್ತು ಓದಲಿಲ್ಲ. ಸಿಕ್ಕಿರಬೇಕು ಅವಳಿಗೆ. ಒಳ್ಳೆಯದಾಯಿತು ಅಂತ ಬರೆಯಬೇಕು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ನವೆಂಬರ್ 3, ಭಾನುವಾರ

ವಾರ್ಷಿಕೋತ್ಸವ. ಒಂದೊಂದೇ ಸೇವೆಯ ಹೆಸರು ಕೂಗಿದರು, ಒಂದೊಂದೇ ಬೆಂಚು ಖಾಲಿಯಾಯಿತು. ಅಣ್ಣ ಹೋದ. ಅತ್ತಿಗೆ ನಾಲ್ಕು ಸಲ ಹೋದರು. ಕೊನೆಗೆ ಬೆಂಚುಗಳ ಮೇಲೆ ಉಳಿದವರು ಮಲಗಿದ್ದ ಎರಡು ಕೂಸು ಮತ್ತು ನಾನು.

ಎಲ್ಲ ಮುಗಿದ ಮೇಲೆ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದೆ. "ಕೆಲಸ ಹುಡುಕ್ತಿದ್ದ ಆ ಸಹೋದರಿ ಇವತ್ತು ಮುಂದೆ ಹೋದಳಾ? ಯಾರು ಅಂತ ತೋರಿಸಿ, ಮುಖ ನೋಡಬೇಕು."

"ನನಗೂ ಗೊತ್ತಿಲ್ಲಮ್ಮ. ಹೆಸರಿಲ್ಲದ ಚೀಟಿ. ಹೋದ ತಿಂಗಳಿಂದ ಬರ್ತಾನೂ ಇಲ್ಲ. ಅಕ್ಷರ ಎಷ್ಟು ಚಂದ ಇತ್ತು ಅಂದರೆ ಎಸೆಯೋಕೆ ಮನಸ್ಸಾಗಲಿಲ್ಲ, ನೋಡಿ" ಅಂತ ಪಟ್ಟಿಯ ಪುಸ್ತಕದಿಂದ ಒಂದು ಲಕೋಟೆ ತೆಗೆದರು.

ಇಪ್ಪತ್ತಮೂರು ಚೀಟಿ. ಪ್ರತಿಯೊಂದರಲ್ಲೂ ಮೂಲೆಯಲ್ಲಿ ಗುಂಡುಸೂಜಿಯ ಎರಡು ತೂತು. ಪ್ರತಿಯೊಂದರಲ್ಲೂ ಮೇಲೊಂದು ಕೆಳಗೊಂದು ಪೆನ್ಸಿಲ್ ಗೆರೆ, ಮಧ್ಯೆ ನಡುಗುವ ಅಕ್ಷರ, ಒಂದೂ ವಾಲಿಲ್ಲ.

ಅವನ್ನೆಲ್ಲ ಆ ಪೆಟ್ಟಿಗೆಗೆ ಹಾಕಿದ ಕೈ ಇದೇ. ಪ್ರತಿ ಭಾನುವಾರ ಆಮೆನ್ ಅಂದ ಬಾಯಿ ಇದೇ. ಮೇಷ್ಟ್ರು ಏನೋ ಕೇಳುತ್ತಿದ್ದರು, ನಾನು ಹೊರಟು ಬಂದೆ.

ನವೆಂಬರ್ 7, ಗುರುವಾರ

ಅಂಗಡಿ ಅರ್ಧ ದಿನ. ಊಟ ಮಾಡಿ, ಕೈ ತೊಳೆದು, ಚೀಲದಲ್ಲಿ ಉಗುರು ಕತ್ತರಿ ಇದೆಯಾ ಅಂತ ನೋಡಿ, ಚಪ್ಪಲಿ ಮೆಟ್ಟಿದೆ. ಇಸ್ತ್ರಿ ಅಂಗಡಿಯ ಮುಂದೆ ಹೋಗಿ ನಿಂತ ಮೇಲೆ ನೆನಪಾಯಿತು. ಮೇಲಿನ ಕೋಣೆಯ ಕಿಟಕಿ ತೆಗೆದು ಸುಣ್ಣ ಬಳಿಯುತ್ತಿದ್ದರು. ಇಸ್ತ್ರಿಯಾಕೆ, "ನೀವು ತಾತನಿಗೆ ಏನಾಗಬೇಕು ಅಂತ ಕೊನೆಗೂ ಕೇಳಲೇ ಇಲ್ಲ ನೋಡಿ" ಅಂದಳು. ಏನೂ ಆಗಬೇಕಿಲ್ಲ, ಸಭೆಯವಳು ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಭಾನುವಾರ ಆ ಬೆಂಚಿಗೆ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನ ಮಾಡಿಲ್ಲ.

ಅವಳ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಕೊನೆಯ ಚೀಟಿ ತೆಗೆದು ಸೂಜಿ ಬಿಚ್ಚಿದೆ. ಅದೇ ಮಾತು. ತನ್ನ ಕೆಲಸ ಯಾವುದೆಂದು ಹುಡುಕುತ್ತಿರುವ ಒಬ್ಬ ಸಹೋದರಿಗಾಗಿ, ಅವಳಿಗೆ ಅದು ಕಾಣಲಿ. ಅದರ ಕೆಳಗೆ ಇನ್ನೆರಡು ಗೆರೆ ಎಳೆದು ಇನ್ನೊಂದು ಸಾಲು ಬರೆದಿದ್ದರು:

"ಗುರುವಾರ ಮಾತ್ರ ಅವಳಿಗೆ ಬೇರೆ ಕೆಲಸ ಕೊಡಬೇಡ."

ತಾತ ಕೇಳಿಕೊಂಡಿದ್ದರಲ್ಲಿ ಇದೊಂದು ತಪ್ಪದೆ ನಡೆದಿದೆ. ಗುರುವಾರ ನನಗೆ ಯಾವ ಕೆಲಸವೂ ಇಲ್ಲ.